ಪುಸ್ತಕದಲ್ಲಿಲ್ಲದ ಬೆಂಚು

ಕತ್ತರಿ ಮೇಷ್ಟ್ರಿಗೆ ಕಣ್ಣು ಹೋಯಿತು ಎಂಬ ಸುದ್ದಿ ಹಬ್ಬಿದಾಗ ಊರಿನ ಲೇಖಕರೆಲ್ಲ ಅಯ್ಯೋ ಪಾಪ ಎಂದರು. ಹಾಗೆಂದವರಲ್ಲಿ ಅರ್ಧಕ್ಕರ್ಧ ಜನ ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿರಬೇಕು. ಭಾನುವಾರದ ಪುರವಣಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅವರ 'ಈಚೆಗೆ ಓದಿದ್ದು' ಅಂಕಣ ಅಂಥದ್ದು. ಹೊಸ ಕಾದಂಬರಿ ಇರಲಿ, ಯಾರದೋ ಆತ್ಮಕಥೆ ಇರಲಿ, ಬರೆದವರು ಖಾಸಾ ಗೆಳೆಯರೇ ಇರಲಿ, ಮೇಷ್ಟ್ರಿಗೆ ಮುಲಾಜೆಂಬುದು ಗೊತ್ತಿರಲಿಲ್ಲ. ಒಂದು ಕಾದಂಬರಿಯ ಬಗ್ಗೆ, 'ಇದರ ನಾಯಕ ಮೊದಲ ಪುಟದಲ್ಲೇ ಆಕಳಿಸುತ್ತಾನೆ; ನಾನೂ ಅವನ ಜೊತೆ ಸೇರಿಕೊಂಡೆ' ಎಂದು ಬರೆದಿದ್ದರು. ಇನ್ನೊಬ್ಬರ ಆತ್ಮಕಥೆಗೆ ಒಂದೇ ಸಾಲು: 'ಇಷ್ಟೊಂದು ಒಳ್ಳೆಯವರ ಜೊತೆ ಇವರ ಮನೆಯವರು ಹೇಗೆ ಬದುಕಿದರೋ ಕಾಣೆ.' ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರು ಇಟ್ಟ ಅಡ್ಡಹೆಸರು ಸುಮ್ಮನೆ ಅಂಟಿಕೊಂಡಿರಲಿಲ್ಲ.

ಆದರೆ ನೆಮ್ಮದಿಯಾಗಿ ಮಲಗಿದವರು ಮೇಷ್ಟ್ರ ಹೆಂಡತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗೆ ನೋಡಿದರೆ ಅವಳನ್ನು ಯಾರೂ ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ. ಮೇಷ್ಟ್ರು ಅವಳನ್ನು 'ಇವಳೇ' ಎನ್ನುತ್ತಿದ್ದರು, ಅವಳು ಅವರನ್ನು 'ರೀ' ಎನ್ನುತ್ತಿದ್ದಳು. ಇಷ್ಟರಲ್ಲೇ ಸಂಸಾರ ಸಾಗಿ ಬಂದಿತ್ತು. ನಿವೃತ್ತಿಯಾಗುವ ತನಕ ಅವಳು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳಾಗಿದ್ದಳು. ಗಾಜಿನ ಕಿಟಕಿಯ ಒಂದು ಚಿಕ್ಕ ಕೋಣೆ, ಒಂದು ಕುರ್ಚಿ, ಒಂದು ಮೈಕು. ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಕಂಟ್ರೋಲರು ಚೀಟಿ ಬರೆದು ಕೊಡುವುದು, ಇವಳು ಓದುವುದು. ಎಷ್ಟೋ ಸಲ ಇವಳು ಅರ್ಧ ಓದಿರುವಾಗಲೇ ಆತ ಓಡಿ ಬಂದು ಬೇರೆ ಚೀಟಿ ಮೂಗಿನ ಮುಂದೆ ಹಿಡಿಯುತ್ತಿದ್ದ. ಹೊರಡುತ್ತದೆ ಎಂದು ಶುರು ಮಾಡಿದ್ದನ್ನು ಉಸಿರು ಕಡಿಯದಂತೆ, ದನಿ ಒಂದು ಎಳೆಯೂ ಅಲುಗದಂತೆ, ತಡವಾಗುತ್ತದೆ ಎಂದು ಮುಗಿಸಬೇಕು. ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಮುಂದಿನ ಸಾಲಿನಲ್ಲಿರಬೇಕು. ಆ ವಿದ್ಯೆ ಅವಳಿಗೆ ನೀರು ಕುಡಿದಷ್ಟು ಸಲೀಸು.

ಕಣ್ಣಿನ ನರ ಸತ್ತಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ ವಾರವೇ ಮೇಷ್ಟ್ರು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿಗೆ ಒಂದು ಸ್ಟೂಲು ಹಾಕಿಸಿ ಅವಳನ್ನು ಕೂರಿಸಿದರು. ಓದುವುದಕ್ಕೆ ನಿಯಮಗಳಿದ್ದವು. ಮುನ್ನುಡಿಯಿಂದ ಹಿಡಿದು ಅಚ್ಚು ಹಾಕಿದವರ ವಿಳಾಸದ ತನಕ ಒಂದಕ್ಷರ ಬಿಡಕೂಡದು. ಭಾವ ತುಂಬಿ ಓದಕೂಡದು. ಮೊದಲ ದಿನ ಯಾವುದೋ ಸಾವಿನ ಪ್ರಸಂಗದಲ್ಲಿ ಅವಳ ದನಿ ಸ್ವಲ್ಪ ಒದ್ದೆಯಾದಾಗ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದ್ದರು.

"ನೀನು ಬರೀ ಓದು. ಅಳೋದು, ನಗೋದು ನನ್ನ ಕೆಲಸ."

ಬಸ್ ನಿಲ್ದಾಣದಲ್ಲೂ ಇದೇ ನಿಯಮವಿತ್ತು. ಹಾಗಾಗಿ ಅವಳಿಗೆ ಕಷ್ಟವಾಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಾಫಿಯ ಹೊತ್ತಿನವರೆಗೆ ಅವಳು ಓದುವುದು, ನಡುನಡುವೆ ಅವರು ಮೂಗು ಮುರಿಯುವುದು, ಪುಸ್ತಕ ಮುಗಿದ ಮರುದಿನ ಅವರು ಅಭಿಪ್ರಾಯ ಹೇಳುತ್ತ ಹೋಗುವುದು, ಅವಳು ಬರೆದುಕೊಂಡು, ಆಮೇಲೆ ಫೋನಿನಲ್ಲಿ ಕುಟ್ಟಿ ಪುರವಣಿಯ ಸಂಪಾದಕಿಗೆ ಕಳಿಸುವುದು. ಲೇಖಕರ ನಿದ್ದೆ ಮತ್ತೆ ಕೆಟ್ಟಿತು.

ಮೊದಲ ಕಳ್ಳತನ ಒಂದು ನಾಯಿಯ ವಿಷಯದಲ್ಲಿ ನಡೆಯಿತು. ಮೇಷ್ಟ್ರಿಗೆ ಜ್ವರ ಬಂದು ಬಿಟ್ಟ ವಾರ, ಮುಖ ಸುಣ್ಣದಂತಿತ್ತು. ಕಾದಂಬರಿಯಲ್ಲಿ ಮುದುಕನ ಜೊತೆ ಇನ್ನೂರು ಪುಟ ನಡೆದು ಬಂದ ನಾಯಿ ಇನ್ನೇನು ಲಾರಿಯಡಿ ಸಿಗಬೇಕು. ಅವಳ ಕಣ್ಣು ಒಂದು ಸಾಲು ಮುಂದಿತ್ತು. ಬಾಯಿ ತಾನಾಗಿಯೇ ನಾಯಿಯನ್ನು ರಸ್ತೆ ದಾಟಿಸಿತು. ಮೇಷ್ಟ್ರು ತಲೆದೂಗಿ, ಪರವಾಗಿಲ್ಲ, ಅಳಿಸೋ ಚಪಲ ಬಿಟ್ಟಿದ್ದಾನೆ ಎಂದರು. ಅಂಕಣದಲ್ಲೂ ಹಾಗೇ ಬಂತು. ಆ ಕಾದಂಬರಿಕಾರ ಓದಿ ತಲೆ ಕೆರೆದುಕೊಂಡಿರಬೇಕು. ಆದರೆ ಹೊಗಳಿಕೆ ತಪ್ಪಾಗಿದೆ ಎಂದು ದೂರು ಕೊಟ್ಟ ಲೇಖಕ ಈವರೆಗೆ ಹುಟ್ಟಿಲ್ಲ.

ಒಮ್ಮೆ ದಾರಿ ಗೊತ್ತಾದ ಮೇಲೆ ಕಾಲು ಸುಮ್ಮನಿರುತ್ತದೆಯೇ. ಒಂದೇ ಸೂರ್ಯಾಸ್ತವನ್ನು ನಾಲ್ಕು ಪುಟ ಬಣ್ಣಿಸಿದವರ ಸೂರ್ಯನನ್ನು ಅವಳು ಬೇಗ ಮುಳುಗಿಸಿದಳು. ಬೆಟ್ಟದಷ್ಟು ಉಪದೇಶ ಮಾಡುವ ತಾತಂದಿರ ಬಾಯಿ ಮುಚ್ಚಿಸಿದಳು. ಒಂದು ಕಾದಂಬರಿಯಲ್ಲಿ ಬಿಟ್ಟುಹೋದ ಹೆಂಡತಿ ಕೊನೆಯ ಎರಡು ಅಧ್ಯಾಯದಲ್ಲಿ ವಾಪಸು ಬಂದು ಗಂಡನ ಕಾಲು ಹಿಡಿದು ಕ್ಷಮೆ ಕೇಳುತ್ತಾಳೆ. ಓದುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಬಾಗಿಲು ಎಳೆದುಕೊಂಡು ಹೋದಲ್ಲಿಗೇ ಪುಸ್ತಕ ಮುಚ್ಚಿ, ಮುಗೀತು ಎಂದಳು. ಮೇಷ್ಟ್ರು ಆ ಸಲ ಕತ್ತರಿ ಬದಿಗಿಟ್ಟರು. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಲೇಖಕ ನಮ್ಮಲ್ಲಿ ಕೊನೆಗೂ ಒಬ್ಬ ಹುಟ್ಟಿದ ಎಂದು ಬರೆಸಿದರು. ಆ ಲೇಖಕ ಬುದ್ಧಿವಂತ. ಎರಡನೇ ಮುದ್ರಣದಲ್ಲಿ ಸದ್ದಿಲ್ಲದೆ ಆ ಎರಡು ಅಧ್ಯಾಯಗಳನ್ನು ಕಿತ್ತುಹಾಕಿದ. ಪುಸ್ತಕದ ಅಂಗಡಿಯಲ್ಲಿ ನಿಂತು ಅದನ್ನು ತಿರುವಿ ನೋಡಿದ ದಿನ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೇಳಿಕೊಳ್ಳೋಣವೆಂದರೆ ಇದ್ದವರು ಒಬ್ಬರೇ, ಅವರಿಗೆ ಹೇಳುವಂತಿರಲಿಲ್ಲ.

ಭಯವಿರಲಿಲ್ಲವೆಂದಲ್ಲ. ಕಾಲೇಜು ಹೋಯಿತು, ಕಣ್ಣು ಹೋಯಿತು, ಬಂದು ಹೋಗುವವರು ಕಡಿಮೆಯಾದರು. ಮೇಷ್ಟ್ರಿಗೆ ಉಳಿದದ್ದು ಹದಿನೈದು ದಿನಕ್ಕೊಮ್ಮೆಯ ಆ ಅರ್ಧ ಪುಟ. ಓದದೆ ಬರೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಹೋದ್ಯೋಗಿಯೊಬ್ಬ ಬೆನ್ನುಪುಟ ನೋಡಿ ವಿಮರ್ಶೆ ಬರೆದನೆಂದು ಅವನ ಜೊತೆ ಮಾತು ಬಿಟ್ಟವರು. ತಾವೇ ಮೂರು ವರ್ಷದಿಂದ ಇಲ್ಲದ ಪುಸ್ತಕಗಳ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದೇವೆಂದು ಗೊತ್ತಾದರೆ ಆ ಅರ್ಧ ಪುಟವೂ ಹೋದಂತೆಯೇ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಪುಸ್ತಕ ಒಂದು ನೆಟ್ಟಗೆ ಓದಿಬಿಡುತ್ತೇನೆ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು, ಮೊದಲ ಮೂವತ್ತು ಪುಟ ಹಾಗೇ ನಡೆದುಕೊಳ್ಳುತ್ತಲೂ ಇದ್ದಳು.

ಹೀಗಿರುವಾಗ ಕಂಬನ ಆತ್ಮಕಥೆ ಬಂತು.

ಕಂಬ ಮೇಷ್ಟ್ರ ಹಳೆಯ ಗೆಳೆಯ. ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಉದ್ದ, ಹಾಗಾಗಿ ಆ ಹೆಸರು. ಓದುವ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು, ಆಮೇಲೆ ವಾರಕ್ಕೊಮ್ಮೆ ನಡೆಯುತ್ತಿದ್ದ ಗೆಳೆಯರ ಕೂಟದಲ್ಲಿ ಒಬ್ಬರ ಕಾಲು ಒಬ್ಬರು ಎಳೆದವರು. ಈಗ ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದು, ದಪ್ಪನೆಯ ಆತ್ಮಕಥೆ ಬರೆದು ಕಳಿಸಿದ್ದರು. ಮೇಷ್ಟ್ರು ಅದನ್ನು ಮೂಸಿ ನೋಡಿ, ತೊಡೆಯ ಮೇಲಿಟ್ಟು ತೂಗಿ ನೋಡಿ, ಇವನ ಬದುಕಿಗೆ ಇಷ್ಟು ಕಾಗದ ಯಾಕೆ ಬೇಕಾಯ್ತೋ ಎಂದು ನಕ್ಕರು. ಆದರೂ ಬೇರೆ ಪುಸ್ತಕಗಳನ್ನು ಬದಿಗೆ ಸರಿಸಿ ಮೊದಲು ಇದನ್ನೇ ಓದು ಎಂದರು.

ಬಾಲ್ಯ ಕಳೆಯಿತು, ಶಾಲೆ ಕಳೆಯಿತು. ಅವಳು ಅಕ್ಷರ ಬಿಡದೆ ಓದಿದಳು. ನಾಲ್ಕನೇ ಮಧ್ಯಾಹ್ನ 'ನನ್ನ ಗೆಳೆಯ ಕತ್ತರಿ' ಎಂಬ ಅಧ್ಯಾಯ ಬಂತು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು, ನಿಧಾನ ಓದು, ಕಳ್ಳ ಏನು ಬರ್ದಿದ್ದಾನೆ ನೋಡೋಣ ಎಂದರು. 'ಗೆಳೆಯರ ಕೂಟದಲ್ಲಿ ಕತ್ತರಿ ಇದ್ದರೆ ಬೇರೆ ಮನರಂಜನೆ ಬೇಕಿರಲಿಲ್ಲ' ಎಂಬ ಮೊದಲ ವಾಕ್ಯವನ್ನು ಅವಳು ಓದಿದಳು. ಕಣ್ಣು ಎಂದಿನಂತೆ ಮುಂದೆ ಹೋಗಿತ್ತು.

ಮುಂದೆ ಹೀಗಿತ್ತು. 'ಇವನ ಹೆಂಡತಿ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು ಅವಳ ದನಿಯಲ್ಲೇ ಇವನು ಹೇಳುವುದನ್ನು ಕೇಳಬೇಕು: ಪ್ರಯಾಣಿಕರ ಗಮನಕ್ಕೆ, ಅಡುಗೆಮನೆಯಿಂದ ಹೊರಡಬೇಕಾಗಿದ್ದ ಊಟ ಅರ್ಧ ಗಂಟೆ ತಡವಾಗಿ ಹೊರಡಲಿದೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳ ಹೊಟ್ಟೆಯಲ್ಲಿದ್ದ ಮಗು ಹೋದ ವಾರವೂ ಇವನು ಕೂಟ ತಪ್ಪಿಸಲಿಲ್ಲ. ಮನೆಯಲ್ಲಿ ಹೇಗಿದ್ದಾರಯ್ಯಾ ಎಂದು ಕೇಳಿದೆ. ಮೂಗು ಹಿಡಿದುಕೊಂಡ. ಪ್ರಯಾಣಿಕರ ಗಮನಕ್ಕೆ, ನಮ್ಮ ಮನೆಗೆ ಬರಬೇಕಾಗಿದ್ದ ಗಾಡಿ ರದ್ದಾಗಿದೆ, ತೊಂದರೆಗಾಗಿ ವಿಷಾದಿಸುತ್ತೇವೆ ಎಂದ. ಎಲ್ಲರೂ ನಕ್ಕುಬಿಟ್ಟೆವು. ದುಃಖವನ್ನೂ ನಗೆ ಮಾಡುವ ಅಂಥ ಎದೆಗಾರಿಕೆ ನನಗೆ ಇಂದಿಗೂ ಬಂದಿಲ್ಲ.'

ಕಂಬ ಇದನ್ನು ಪ್ರೀತಿಯಿಂದಲೇ ಬರೆದಿದ್ದರು. ಅದೇ ಅವಳಿಗೆ ತಡೆಯಲಾಗದ್ದು. ಅವಳು ಆಸ್ಪತ್ರೆಯಿಂದ ಬಂದು ಗೋಡೆ ಕಡೆ ತಿರುಗಿ ಮಲಗಿದ್ದ ವಾರ ಅದು. ಕೂಟಕ್ಕೆ ಹೋಗಿ ಬರುತ್ತೇನೆ, ಮನಸ್ಸು ಹಗುರವಾಗುತ್ತದೆ ಎಂದಿದ್ದರು ಮೇಷ್ಟ್ರು. ಹೋಗಿ ಬನ್ನಿ ಎಂದು ತಾನೇ ಹೇಳಿದ್ದಳು. ಇವರ ಮನಸ್ಸು ಹಗುರವಾದದ್ದು ಹೇಗೆಂದು ಈಗ ತಿಳಿಯಿತು. ಇದನ್ನು ಓದಬೇಕು, ಅದೂ ಅದೇ ದನಿಯಲ್ಲಿ. ಅವರು ಮೂಗು ಹಿಡಿದು ಅಣಕಿಸಿದ ದನಿ ಅವಳ ಗಂಟಲಲ್ಲಿ ಇನ್ನೂ ಇತ್ತು, ಬೇರೆ ದನಿ ಅವಳ ಹತ್ತಿರ ಇರಲಿಲ್ಲ.

ಇದೆಲ್ಲ ಒಂದು ಉಸಿರಿನಷ್ಟು ಹೊತ್ತು. ಬಾಯಿ ನಿಲ್ಲಲಿಲ್ಲ. 'ಆದರೆ ನನಗೆ ನೆನಪಿರುವ ಕತ್ತರಿ ಬೇರೆ' ಎಂದು ಓದಿದಳು, ಪುಸ್ತಕದಲ್ಲಿಲ್ಲದ್ದನ್ನು. 'ಒಂದು ಸಂಜೆ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಪ್ರಕಟಣೆ ಕೋಣೆಯ ಎದುರಿನ ಬೆಂಚಿನಲ್ಲಿ ಇವನು ಕೂತಿದ್ದ. ತೊಡೆಯ ಮೇಲೆ ಪುಸ್ತಕವಿತ್ತು, ಮುಚ್ಚಿತ್ತು. ಎಲ್ಲಿಗಯ್ಯಾ ಹೊರಟೆ ಎಂದೆ. ಎಲ್ಲಿಗೂ ಇಲ್ಲ ಎಂದ. ಮತ್ತೆ ಯಾಕೆ ಕೂತಿದ್ದೀಯ ಎಂದರೆ ಬೆರಳೆತ್ತಿ ಮೇಲಿದ್ದ ಸ್ಪೀಕರು ತೋರಿಸಿದ. ಇವನ ಹೆಂಡತಿ ಕಾಯಿಲೆ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಅದು. ಕೊನೆಯ ಬಸ್ಸು ಹೋಗುವ ತನಕ ಇವನು ಅಲ್ಲಿಂದ ಏಳಲಿಲ್ಲ.'

ಎಲ್ಲಿಂದ ಬಂತು ಈ ಬೆಂಚು ಎಂದು ಅವಳೇ ಬೆಚ್ಚಿದಳು. ಮೇಷ್ಟ್ರು ಎಂದೂ ಬಸ್ ನಿಲ್ದಾಣದಲ್ಲಿ ಹಾಗೆ ಕೂತವರಲ್ಲ. ಇದು ನಾಯಿಯನ್ನು ರಸ್ತೆ ದಾಟಿಸಿದಂತಲ್ಲ. ಈ ಮನುಷ್ಯನಿಗೆ ತನ್ನ ಜೀವನ ಗೊತ್ತು. ಈಗ ಹಿಡಿದುಬಿಡುತ್ತಾರೆ ಎಂದುಕೊಂಡಳು.

ಮೇಷ್ಟ್ರು, "ಇನ್ನೊಂದ್ಸಲ ಓದು" ಎಂದರು.

ಪ್ರಕಟಣೆಯನ್ನು ಎರಡು ಸಲ ಹೇಳುವುದು ನಿಲ್ದಾಣದ ನಿಯಮ. ಒಂದು ಮಾತೂ ಆಚೀಚೆಯಾಗದಂತೆ ಅವಳು ಮತ್ತೆ ಹೇಳಿದಳು. ಮೇಷ್ಟ್ರು ಬೆರಳಿನಿಂದ ಕುರ್ಚಿಯ ಬೆತ್ತ ಸವರುತ್ತ, ತಮಗೆ ನೆನಪೇ ಇಲ್ಲವಲ್ಲ ಎಂದರು. ಆಮೇಲೆ, ಕಂಬ ನೋಡಿದ್ದೀನಿ ಅಂತ ಬರೆದಿದ್ದಾನೆ ಅಂದ್ರೆ ಕೂತಿರಲೇಬೇಕು, ಅವನಿಗೆ ಸುಳ್ಳು ಕಟ್ಟೋವಷ್ಟು ತಲೆಯಿಲ್ಲ ಎಂದು ತಾವೇ ಸಮಾಧಾನ ಹೇಳಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ಅವಳು ಬಚಾವಾಗುತ್ತಿದ್ದಳು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಮೇಷ್ಟ್ರಿಗೆ ಸ್ವಲ್ಪ ಸ್ವಲ್ಪ ನೆನಪಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಕೊಡೆಯಿತ್ತು ಎಂಬುದು ನೆನಪಾಯಿತು. ಸಂಜೆಗೆ, ಆ ಬೆಂಚಿನ ಒಂದು ಕಾಲು ಗಿಡ್ಡವಾಗಿ ಆಡುತ್ತಿತ್ತು, ಅಲ್ವೇನೇ ಎಂದು ಅವಳನ್ನೇ ಕೇಳಿದರು. ಆ ಬೆಂಚು ಸಿಮೆಂಟಿನದು. ಅವಳು ಹೂಂ ಎಂದಳು. ಗಂಡನ ಮುಖ ಎಷ್ಟೋ ವರ್ಷದಿಂದ ಇಷ್ಟು ಹಗುರವಾಗಿದ್ದುದನ್ನು ಅವಳು ಕಂಡಿರಲಿಲ್ಲ. ಮೊದಲು ಕರುಣೆ ಬಂತು. ಕರುಣೆಯ ಬೆನ್ನಿಗೇ ಎಂಥ ಸಿಟ್ಟು ಬಂತೆಂದರೆ, ಪಾತ್ರೆ ತೊಳೆಯುತ್ತಿದ್ದವಳು ಕೈಯಲ್ಲಿದ್ದ ಲೋಟವನ್ನು ನಲ್ಲಿಗೆ ಬಡಿದಳು. ತಾನು ಬಾಯಲ್ಲಿ ಕಟ್ಟಿಕೊಟ್ಟ ಬೆಂಚಿನಲ್ಲಿ ಈ ಮನುಷ್ಯ ಆರಾಮಾಗಿ ಕೂತು, ಮೇಲೆ ಕೊಡೆ ಬೇರೆ ಹಿಡಿದಿದ್ದಾರಲ್ಲ!

ಎರಡು ದಿನದಲ್ಲಿ ಪುಸ್ತಕ ಮುಗಿಯಿತು, ಮರುದಿನ ಅಂಕಣ ಬರೆಸಿದರು. ಪುಸ್ತಕದ ಮೊದಲರ್ಧಕ್ಕೆ ಎಂದಿನ ಕತ್ತರಿ ಆಡಿತು: ಬಾಲ್ಯದಲ್ಲಿ ಹೊಡೆದ ಗೋಲಿಗಳ ಲೆಕ್ಕ ಬಿಟ್ಟರೆ ಇಲ್ಲಿ ಬೇರೇನೂ ಇಲ್ಲ, ಲೇಖಕರು ತಮ್ಮ ಎತ್ತರದಿಂದ ಇಳಿದು ಯಾರನ್ನೂ ನೋಡಿಲ್ಲ, ಇತ್ಯಾದಿ. ಆಮೇಲೆ ಮೇಷ್ಟ್ರ ದನಿ ಬದಲಾಯಿತು. 'ಆದರೆ ಈ ಪುಸ್ತಕದಲ್ಲಿ ಒಂದು ಪುಟವಿದೆ. ಬಸ್ ನಿಲ್ದಾಣದ ಒಂದು ಬೆಂಚಿನ ಪುಟ. ನಾವು ಮಾಡಿದ ಕೆಟ್ಟದ್ದನ್ನು ಮರೆಯುತ್ತೇವೆ ಎನ್ನುತ್ತಾರೆ. ಮಾಡಿದ ಒಳ್ಳೆಯದನ್ನೂ ಮರೆತಿರುತ್ತೇವೆ, ಗೆಳೆಯನೊಬ್ಬ ನೆನಪಿಟ್ಟುಕೊಂಡು ವಾಪಸು ಕೊಡುತ್ತಾನೆ. ಆತ್ಮಕಥೆ ಇರುವುದು ಇಷ್ಟಕ್ಕೇ.'

ಅವಳು ಬರೆದುಕೊಂಡಳು. ಆ ಪುಟದ ಮಾತು ತೆಗೆದು ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರ ಮಾತಿನಲ್ಲಿ ಒಂದಕ್ಷರವನ್ನೂ ತಾನು ಈವರೆಗೆ ಬದಲಿಸಿಲ್ಲ, ಈಗಲೂ ಬದಲಿಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವಾದ ಕಾರಣವಲ್ಲ. ಆ ಬೆಂಚನ್ನು ಅಚ್ಚಿನಲ್ಲಿ ನೋಡಬೇಕೆಂದು ಅವಳಿಗೆ ಆಸೆಯಾಗಿತ್ತು. ಅಚ್ಚಾದದ್ದು ಎಲ್ಲೋ ಒಂದು ಕಡೆ ನಡೆದಿರಲೂಬಹುದು ಎನ್ನುವ ಮಂಕು ಆಸೆ. ಕಳಿಸಿಬಿಟ್ಟಳು.

ಭಾನುವಾರ ಅಂಕಣ ಬಂತು. ಅವಳು ಆ ಪುಟವನ್ನು ಮಡಚಿ ಬೀರುವಿನಲ್ಲಿಟ್ಟಳು. ಸೋಮವಾರ ಮಧ್ಯಾಹ್ನ ಮೇಷ್ಟ್ರ ಫೋನು ಹೊಡೆದುಕೊಂಡಿತು. ಕಣ್ಣು ಹೋದ ಮೇಲೆ ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರು ಹಾಕಿಕೊಂಡೇ ಮಾತಾಡುವುದು. ಹಾಗಾಗಿ ಕಂಬನ ನಗು ಇಡೀ ಮನೆಗೆ ಕೇಳಿಸಿತು.

"ಏನಯ್ಯಾ ಕತ್ತರಿ, ನನ್ನ ಪುಸ್ತಕ ಓದಿದ್ಯೋ, ಇನ್ಯಾರದಾದ್ರೂ ಓದಿದ್ಯೋ? ಎಲ್ಲಿಯ ಬೆಂಚಯ್ಯ ಅದು? ನಾನು ಬರ್ದಿದ್ದು ನಿನ್ನ ಅನೌನ್ಸ್‌ಮೆಂಟ್ ತಮಾಷೆ ಬಗ್ಗೆ. ಅದಕ್ಕೆ ಒಂದು ಮಾತೂ ಇಲ್ವಲ್ಲ?"

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೇಷ್ಟ್ರ ಮುಖ ಫೋನಿನ ಕಡೆಯಿಂದ ಅವಳಿದ್ದ ಕಡೆಗೆ ನಿಧಾನವಾಗಿ ತಿರುಗಿತು. ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟರು. ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಇದೊಂದೇ ಪುಸ್ತಕವೋ ಎಂದು ಕೇಳಿದರು. ಅವಳು ಇಲ್ಲ ಎಂದಳು. ಯಾವ್ಯಾವುದು ಎಂದರು. ಅವಳು ಸ್ಟೂಲಿನ ಮೇಲೆ ಕೂತು ಒಂದೊಂದಾಗಿ ಹೇಳಿದಳು: ನಾಯಿ, ಸೂರ್ಯ, ತಾತಂದಿರು, ಬಾಗಿಲು ಎಳೆದುಕೊಂಡು ಹೋದ ಹೆಂಡತಿ. ಕೊನೆಯದು ಕೇಳಿದಾಗ ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಆ ಲೇಖಕನನ್ನು ಮೊದಲು ಗುರುತಿಸಿದ್ದು ನಾನೇ ಎಂದು ಅವರು ಬಂದವರಿಗೆಲ್ಲ ಹೇಳಿಕೊಂಡಿದ್ದರು.

ಅಂದರೆ ಇಷ್ಟು ವರ್ಷ ನಾನು ಓದಿದ್ದು ನಿನ್ನ ತಲೆಯನ್ನು ಎಂದರು. ನಾಚಿಕೆಯಿಂದ ಅವರ ಕುತ್ತಿಗೆ ಕೆಂಪಾಗಿತ್ತು. ತಪ್ಪು ಮಾಡಿದ್ದೀನಿ ಎಂದು ಅವಳು ಹೇಳಿದಳು. ಅದು ಅವಳ ಕಿವಿಗೇ ಸಾಲದೆನಿಸಿತು.

ಹಾಳೆ ತಗೋ, ಬರ್ಕೋ ಎಂದರು. ಹದಿನೈದು ದಿನ ಕಾಯುವುದು ಬೇಡ, ಈ ಭಾನುವಾರವೇ ಇದು ಹೋಗಬೇಕು, ಸಂಜೆಯೊಳಗೆ ಕಳಿಸುತ್ತೇನೆಂದು ಸಂಪಾದಕಿಗೆ ಈಗಲೇ ಹೇಳು ಎಂದರು. ಅವಳು ಫೋನು ಮಾಡಿ ಹೇಳಿ, ಪೆನ್ನು ಹಿಡಿದು ಕೂತಳು. ಮೇಷ್ಟ್ರು ತಡವರಿಸದೆ ಹೇಳಿದರು: 'ಮೂರು ವರ್ಷದಿಂದ ನಾನು ಅಭಿಪ್ರಾಯ ಹೇಳಿದ ಪುಸ್ತಕಗಳನ್ನು ನಾನು ಓದಿಲ್ಲ. ನನ್ನ ಕಣ್ಣಾಗಿರುತ್ತೇನೆಂದು ಕೂತವರು ನನಗೆ ಮೋಸ ಮಾಡಿದ್ದಾರೆ. ಇದು ಈ ಅಂಕಣದ ಕೊನೆಯ ಕಂತು.' ಮೋಸ ಎಂಬ ಪದವನ್ನೂ ಅವಳು ಬರೆದುಕೊಂಡಳು. ಹೌದಲ್ಲ, ಮೋಸವೇ.

"ಕಂಬನ ಪುಸ್ತಕದಲ್ಲಿ ನಿಜಕ್ಕೂ ಏನಿದೆ ಅಂತಾನೂ ಹೇಳ್ಬೇಕಲ್ಲ. ಓದು ಅದನ್ನ. ಊಟದ ತಮಾಷೆ ತಾನೆ? ನಾಲ್ಕು ಜನ ನಗ್ತಿದ್ರು, ಆಯ್ತು. ಅಷ್ಟಕ್ಕೆ ನನ್ನ ಮರ್ಯಾದೇನೆ ತೆಗೆಯೋದಾ?"

ಅವಳು ತಲೆ ಎತ್ತಿ ನೋಡಿದಳು. ಅವರಿಗೆ ನೆನಪೇ ಇರಲಿಲ್ಲ. ಊಟದ್ದು ನೆನಪಿತ್ತು, ಗಾಡಿಯದು ಇರಲಿಲ್ಲ. ಕೂರದ ಬೆಂಚಿನ ಕಾಲು ಆಡುತ್ತಿದ್ದುದು ನೆನಪಾದ ಮನುಷ್ಯನಿಗೆ ಆಡಿದ ಮಾತು ಮರೆತುಹೋಗಿತ್ತು. ಓದುವುದೋ ಬೇಡವೋ ಎಂಬ ಅನುಮಾನ ಅವಳಿಗೆ ಅಲ್ಲಿಗೆ ತೀರಿತು. ಪುಸ್ತಕ ತೆರೆದಳು.

ಭಾವ ತುಂಬಲಿಲ್ಲ. ಅಳುವುದು, ನಗುವುದು ಅವರ ಕೆಲಸ. ಊಟದ ಪ್ರಕಟಣೆಗೆ ಮೇಷ್ಟ್ರ ತುಟಿಯಲ್ಲಿ ಸಣ್ಣಗೆ ನಗು ಬಂದದ್ದನ್ನು ಅವಳು ನೋಡಿದಳು. 'ಅವಳ ಹೊಟ್ಟೆಯಲ್ಲಿದ್ದ ಮಗು ಹೋದ ವಾರವೂ' ಎಂದಾಗ ಆ ನಗು ಅಲ್ಲೇ ಉಳಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಒಣಗಿತು. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಓದಿದಳು, ಸಾವಿರ ಸಲ ಹೇಳಿದ ದನಿಯಲ್ಲಿ, ಸ್ಪಷ್ಟವಾಗಿ. "ನಮ್ಮ ಮನೆಗೆ ಬರಬೇಕಾಗಿದ್ದ ಗಾಡಿ ರದ್ದಾಗಿದೆ, ತೊಂದರೆಗಾಗಿ ವಿಷಾದಿಸುತ್ತೇವೆ." ಎದೆಗಾರಿಕೆಯ ಮಾತಿನವರೆಗೂ ಓದಿದಳು. ಓದಿ, ನಿಲ್ದಾಣದ ನಿಯಮದಂತೆ ಆ ಪ್ರಕಟಣೆಯನ್ನು ಇನ್ನೊಂದು ಸಲ ಓದಿದಳು. ಮೇಷ್ಟ್ರು ಕೈ ಎತ್ತಿದರು, ಅವಳು ನಿಲ್ಲಿಸಲಿಲ್ಲ.

ಆಮೇಲೆ ಪುಸ್ತಕ ಮುಚ್ಚಿ ಪೆನ್ನು ತೆಗೆದುಕೊಂಡಳು.

"ಮುಂದೆ ಹೇಳಿ. ಬರ್ಕೋತೀನಿ."

ಯಾವ ಪುಸ್ತಕ ಮುಗಿದರೂ ಮೇಷ್ಟ್ರ ಬಾಯಲ್ಲಿ ಅಭಿಪ್ರಾಯ ತಯಾರಿರುತ್ತಿತ್ತು. ಈಗ ಅವರು ಬಾಯಿ ತೆರೆದರು, ಮುಚ್ಚಿದರು. ಕಾಫಿಯ ಹೊತ್ತು ದಾಟಿತು. ಇಬ್ಬರೂ ಅದರ ಮಾತೆತ್ತಲಿಲ್ಲ.

"ಆ ಬೆಂಚು," ಎಂದರು ಕೊನೆಗೆ, "ಅದಾದ್ರೂ ಇತ್ತಾ?"

"ಇತ್ತು. ನನ್ನ ಕಿಟಕಿ ಎದುರಿಗೇ. ಸಿಮೆಂಟಿಂದು."

"ಯಾರು ಕೂತ್ಕೋತಿದ್ರು?"

"ಯಾರ್ಯಾರೋ. ಮತ್ತೆ ಕೆಲಸಕ್ಕೆ ಹೋದ ಮೇಲೆ ಪ್ರತಿ ಸಲ ಮೈಕು ಹಾಕೋ ಮುಂಚೆ ನೋಡ್ತಿದ್ದೆ. ಬಸ್ಸಿಗೆ ಕಾಯೋರೇ ಇರ್ತಿದ್ರು."

ಮೇಷ್ಟ್ರು ಕೈ ಮುಂದೆ ಚಾ‍ಚಿ ಹಾಳೆಗಾಗಿ ತಡಕಿದರು. ಅವಳು ಅದನ್ನು ಅವರ ಬೆರಳಿಗೆ ತಾಗಿಸಿದಳು. ಬರೆದದ್ದು ಎಲ್ಲಿದೆ ಎಂದು ಅವರಿಗೆ ಹೇಗೆ ಕಾಣಬೇಕು. ಹಾಳೆಯ ಮೇಲೆ ಸುಮ್ಮನೆ ಅಂಗೈ ಇಟ್ಟುಕೊಂಡು ಕೂತರು. ಮೋಸ ಅನ್ನೋ ಪದ ಹೊಡೆದುಹಾಕು ಎಂದರು. ಅವರ ಕೈ ಸರಿಸಿ ಅವಳು ಹೊಡೆದುಹಾಕಿದಳು. ಆ ಜಾಗಕ್ಕೆ ಏನು ಬರೆಯಲಿ ಎಂದು ಕೇಳಿದಳು. ಕಾಣದ ಕಣ್ಣುಗಳಿಂದ ನೀರಿಳಿಯುತ್ತಿತ್ತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಅವಳೂ ಒರೆಸಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಎದ್ದು ಹೋಗಬೇಕೆಂದೂ ಅನ್ನಿಸಲಿಲ್ಲ, ಹತ್ತಿರ ಹೋಗಬೇಕೆಂದೂ ಅನ್ನಿಸಲಿಲ್ಲ.

ಕೋಣೆ ಕತ್ತಲಾಗತೊಡಗಿತು. ಅವಳು ಎದ್ದು ದೀಪ ಹಾಕುವಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಪುರವಣಿಯ ಸಂಪಾದಕಿ. ಮೇಷ್ಟ್ರು ಅಲುಗಲಿಲ್ಲ. ಅವಳೇ ಎತ್ತಿಕೊಂಡಳು. ಸಂಜೆಯೊಳಗೆ ಅಂದಿದ್ರಲ್ಲ ಅಮ್ಮಾ, ಈ ಭಾನುವಾರಕ್ಕೆ ಅಂಕಣ ಇದೆಯೋ ಇಲ್ಲವೋ ಎಂದು ಆಕೆ ಕೇಳಿದಳು.

ರದ್ದಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಗಂಡನ ಕಡೆ ನೋಡಿದಳು. ಅವರು ತಲೆ ಸ್ವಲ್ಪ ವಾಲಿಸಿ, ಅವಳ ದನಿ ಬರುವ ಕಡೆಗೆ ಕಿವಿ ಕೊಟ್ಟು ಕೂತಿದ್ದರು.

"ತಡ ಆಗುತ್ತೆ," ಎಂದಳು. "ಎಷ್ಟು ತಡ ಅಂತ ಈಗ ಹೇಳೋಕಾಗಲ್ಲ."